ಬ್ರೇಕಿನ ಗುರುತು

ಕಾರು ಯಾರದ್ದು ಎಂದು ಮೇಜಿನ ಹಿಂದೆ ಕೂತಿದ್ದ ಹುಡುಗಿ ಎರಡನೆಯ ಸಲ ಕೇಳಿದಾಗಲೂ ಲತಾಮಣಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ತನ್ನದು ಎಂದರೆ ಸುಳ್ಳಾಗುತ್ತದೆ. ಗಂಡನದು ಎಂದರೆ ಹಾಗಾದರೆ ಸರ್ ಎಲ್ಲಿ ಎಂದು ಕೇಳುತ್ತಾಳೆ. ಮಗನದು ಎಂದರೆ ಅದರ ಮುಂದಿನ ಪ್ರಶ್ನೆಗೆ ಇಷ್ಟು ಜನರ ಎದುರಿಗೆ ಉತ್ತರ ಕೊಡಬೇಕಾಗುತ್ತದೆ. ಹಿಂದೆ ಸಾಲಿನಲ್ಲಿ ನಿಂತಿದ್ದ ಬೆಂಗಳೂರಿನ ಗಂಡಸರು ತಮ್ಮ ತಮ್ಮ ಕಾರುಗಳ ಬಗ್ಗೆ ಇಂಗ್ಲಿಷಿನಲ್ಲಿ ಆಡುತ್ತಿದ್ದ ಮಾತು ನಿಂತುಹೋದದ್ದು ಅವಳ ಬೆನ್ನಿಗೆ ಗೊತ್ತಾಯಿತು. ಕೊನೆಗೆ, ನಾನೇ ಓಡಿಸೋದು ಎಂದಳು. ಸುಷ್ಮಿತಾ ಎಂದು ಎದೆಯ ಮೇಲೆ ಹೆಸರಿನ ಪಟ್ಟಿ ಸಿಕ್ಕಿಸಿಕೊಂಡಿದ್ದ ಆ ಹುಡುಗಿ ಒರಟು ಸ್ವಭಾವದವಳಲ್ಲ. ಇವಳ ನರೆತ ಕೂದಲನ್ನೂ ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನೂ ಒಮ್ಮೆ ನೋಡಿ, ಸೀರೆಯಲ್ಲಿ ಕಷ್ಟವಾಗುತ್ತೆ ಮೇಡಂ, ಬೇರೆ ಬಟ್ಟೆ ತಂದಿದೀರಾ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ತಂದಿದ್ದಳು. ನಿನ್ನೆ ಸಂಜೆ ಅರಸೀಕೆರೆಯ ಪೇಟೆಯಲ್ಲಿ, ಮಗಳಿಗಾ ಮೇಡಂ ಎಂದು ಕೇಳಿದ ಅಂಗಡಿಯವನಿಗೆ ಹ್ಞೂಂ ಎಂದು ಹೇಳಿ ಕೊಂಡ ಚೂಡಿದಾರ್ ಅದು. ಶಾಮಿಯಾನದ ಹಿಂದೆ ಬಟ್ಟೆ ಕಟ್ಟಿ ಮರೆ ಮಾಡಿದ್ದ ಜಾಗದಲ್ಲಿ ಅದನ್ನು ಹಾಕಿಕೊಳ್ಳುವಾಗ ತೋಳು ಬಿಗಿಯಾಯಿತು. ಹೊರಗೆ ಒಬ್ಬ ಗಂಡಸು ಇನ್ನೊಬ್ಬನಿಗೆ, ಯಾರದೋ ಅಮ್ಮ ಇರಬೇಕು ಎಂದದ್ದು ಕೇಳಿಸಿತು. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಅವಳು ಗುಂಡಿ ಹಾಕುತ್ತಿದ್ದ ಕೈ ಹಾಗೇ ನಿಲ್ಲಿಸಿ, ಆ ಮಾತು ತನ್ನನ್ನು ದಾಟಿಹೋಗುವವರೆಗೆ ಕಾದಳು.

ಹಳೇಬೀಡಿನಿಂದ ಮಾದಿಹಳ್ಳಿಯ ಕಡೆಗೆ ಹೋಗುವಾಗ ಒಂದು ಕಡೆ ತಿರುಗಿಕೊಂಡರೆ ಸಿಗುವ ಜಾಗ ಅದು. ಕಾರ್ಖಾನೆಗಳು ಬರುತ್ತವೆ ಎಂದು ಹೊಲಗಳನ್ನು ವಶಮಾಡಿಕೊಂಡು ಹೆದ್ದಾರಿಯಷ್ಟು ಅಗಲದ ಡಾಂಬರು ರಸ್ತೆ ಹಾಕಿದ್ದರು. ಕಾರ್ಖಾನೆ ಒಂದೂ ಬರಲಿಲ್ಲ. ರಸ್ತೆ ಮಾತ್ರ ಎಲ್ಲಿಗೂ ಹೋಗದೆ, ಬೇಲಿಯ ಹತ್ತಿರ ಶುರುವಾಗಿ ಒಂದು ಕಲ್ಲುಬಂಡೆಯ ಬಳಿ ಮುಗಿಯುತ್ತಿತ್ತು. ಸುಗ್ಗಿಯಲ್ಲಿ ಜನ ಅದರ ಮೇಲೆ ರಾಗಿ ಹರಡುತ್ತಿದ್ದರು. ಈಗ ಬೆಂಗಳೂರಿನವರು ಅದನ್ನು ಎರಡು ದಿನದ ಮಟ್ಟಿಗೆ ಹಿಡಿದು, ಸ್ಪೋರ್ಟ್ಸ್ ಕಾರಿಟ್ಟುಕೊಂಡವರಿಗೆ ಅದನ್ನು ಸರಿಯಾಗಿ ಓಡಿಸುವುದು ಹೇಗೆಂದು ಕಲಿಸುವ ಶಾಲೆ ನಡೆಸುತ್ತಿದ್ದರು. ಬಂದವರೆಲ್ಲ ಬೇಲೂರಿನ ಹೋಟೆಲಿನಲ್ಲಿ ಉಳಿದುಕೊಂಡು, ಬೆಳಿಗ್ಗೆ ಒಬ್ಬರ ಹಿಂದೊಬ್ಬರು ಬಂದು, ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಬೇಲಿಯಾಚೆ ದನ ಬಿಟ್ಟುಕೊಂಡು ನಿಂತಿದ್ದವರು ಕಾರುಗಳನ್ನು ನೋಡುತ್ತಿದ್ದರು. ಲತಾಮಣಿ ಇತಿಹಾಸದ ಉಪನ್ಯಾಸಕಿ. ಪ್ರತಿ ವರ್ಷ ಕಾಲೇಜಿನ ಮಕ್ಕಳನ್ನು ಬಸ್ಸಿನಲ್ಲಿ ಹಳೇಬೀಡಿಗೆ ಕರೆತಂದು, ದೇವಸ್ಥಾನದ ಗೋಡೆಯ ಶಿಲ್ಪದ ಸಾಲುಗಳನ್ನು ತೋರಿಸಿ, ಅದದೇ ಮಾತು ಹೇಳಿ ಕರೆದುಕೊಂಡು ಹೋಗುತ್ತಿದ್ದಳು. ಕಳೆದ ವರ್ಷ ಹೋಗಲಿಲ್ಲ, ಯಾರೂ ಕೇಳಲೂ ಇಲ್ಲ. ಸ್ಟಾಫ್ ರೂಮಿನಲ್ಲಿ ಅವಳು ಒಳಗೆ ಬಂದರೆ ಎಲ್ಲರೂ ಪ್ರಶ್ನೆಪತ್ರಿಕೆಯ ವಿಷಯವನ್ನೇ ಮಾತನಾಡತೊಡಗುತ್ತಿದ್ದರು.

ಕಾರಿನ ಬಾಗಿಲು ತೆಗೆದಾಗ ಕೆರೆಯ ಕೆಸರಿನ ವಾಸನೆ ಬಂತು. ಸೀಟು ಹೊಸದು, ಮುಂದಿನ ಗಾಜು ಹೊಸದು, ಮೇಲಿನ ಬಟ್ಟೆಯ ಛಾವಣಿ ಹೊಸದು, ಒಳಗಿನ ವೈರುಗಳೆಲ್ಲ ಹೊಸವು. ಬೆಂಗಳೂರಿನ ಗ್ಯಾರೇಜಿನವನು, ಯಾವ ವಾಸನೆಯೂ ಇಲ್ಲ ಮೇಡಂ, ನಿಮಗೆ ಹಾಗನ್ನಿಸುತ್ತೆ ಅಷ್ಟೆ ಎಂದಿದ್ದ. ಇರಬಹುದು. ಕಣಕಟ್ಟೆ ದಾಟಿ ಹೋದರೆ ಸಿಗುವ ಕೆರೆಯ ಏರಿಯ ಮೇಲಿಂದ ಈ ಕಾರು ಕಳೆದ ವರ್ಷ ಒಂದು ಮುಂಜಾನೆ ನೀರಿನ ಕಡೆಗೆ ಇಳಿದು ಮಗುಚಿಕೊಂಡಿತ್ತು. ನೀರು ಮೊಣಕಾಲುದ್ದ ಮಾತ್ರ ಇತ್ತು. ಮಗ ಸಂತುವನ್ನು ಹೊರಗೆಳೆದವರು, ದಡಕ್ಕೆ ಬಟ್ಟೆ ಒಗೆಯಲು ಬಂದಿದ್ದ ಹೆಂಗಸರು. ಅವರಲ್ಲೊಬ್ಬಳು, ಸಣ್ಣತಾಯಮ್ಮ ಎಂಬಾಕೆ, ಉಸಿರು ನಿಂತಿದ್ದ ಅವನ ಮುಖ ತೊಳೆದು ತನ್ನ ಸೆರಗಿನಲ್ಲಿ ಒರೆಸಿ ಮಲಗಿಸಿದ್ದಳು. ಆದ್ದರಿಂದ ಲತಾಮಣಿ ಹೋಗಿ ನೋಡಿದಾಗ ಮಗ ಸ್ನಾನ ಮಾಡಿ ಬಂದವನ ಹಾಗೆ ಕಂಡ. ಕಾರನ್ನು ಗುಜರಿಗೆ ಹಾಕೋಣ ಎಂದು ಗಂಡ ಲಕ್ಷ್ಮೀಶ ಹೇಳಿದಾಗ ಅವಳು ಬೇಡ ಎಂದಳು. ಕತ್ತರಿಸಿ ತುಂಡು ಮಾಡುತ್ತಾರೆ ಎಂಬ ಮಾತನ್ನು ಕೇಳಲಾಗಲಿಲ್ಲ, ಅಷ್ಟೆ. ರಿಪೇರಿಯಾಗಿ ಬಂದ ಮೇಲೆ ಲಕ್ಷ್ಮೀಶ ಅದರೊಳಗೆ ಒಂದು ಸಲವೂ ಕೂತಿಲ್ಲ. ಶೆಡ್ಡಿನಲ್ಲಿ ಅದು ನಿಂತಿದ್ದರೆ ಆ ಕಡೆಯ ಬಾಗಿಲನ್ನೇ ಬಿಟ್ಟು ಹಿತ್ತಿಲಿನಿಂದ ಓಡಾಡುತ್ತಿದ್ದ.

ಕಲಿಸುವವನ ಹೆಸರು ನಟರಾಜ್. ಬಿಕ್ಕೋಡಿನ ಕಡೆಯವನು, ಎಸ್ಟೇಟಿನ ಜೀಪು ಓಡಿಸುತ್ತ ಬೆಳೆದು, ರ್‍ಯಾಲಿಗಳಲ್ಲಿ ಹೆಸರು ಮಾಡಿ, ಕಾಲು ಮುರಿದುಕೊಂಡ ಮೇಲೆ ಕಲಿಸುವುದಕ್ಕೆ ನಿಂತವನು ಎಂದು ಸುಷ್ಮಿತಾ ಎಲ್ಲರಿಗೂ ಪರಿಚಯ ಮಾಡಿಕೊಟ್ಟಳು. ಅವನು ಕುಂಟುತ್ತ ಕಾರಿನಿಂದ ಕಾರಿಗೆ ಹೋಗಿ, ಸೀಟಿನಲ್ಲಿ ಕೂರುವುದನ್ನೇ ಮೊದಲು ಹೇಳಿಕೊಟ್ಟ. ಎಷ್ಟು ಹತ್ತಿರ ಕೂರಬೇಕು, ಕೈ ಎಲ್ಲಿರಬೇಕು, ಬೆಲ್ಟು ಎಲ್ಲಿ ಹಾಯಬೇಕು. ಇವಳ ಹತ್ತಿರ ಬಂದಾಗ, ನೀವು ತುಂಬಾ ಹಿಂದೆ ಕೂತಿದೀರಿ ಮೇಡಂ, ಈ ಸೀಟು ನಿಮ್ಮ ಅಳತೇದಲ್ಲ ಎಂದ. ಗ್ಯಾರೇಜಿನವರು ಹೊಸ ಸೀಟು ಹಾಕಿದ ಮೇಲೂ ಅವಳು ಅದನ್ನು ಸಂತುವಿನ ಕಾಲಿಗೆ ಸರಿಹೋಗುವಷ್ಟು ಹಿಂದಕ್ಕೆ ತಳ್ಳಿ, ತಾನು ತುದಿಯಲ್ಲಿ ಕೂತು ಓಡಿಸುತ್ತಿದ್ದಳು. ನಟರಾಜ್ ಕೆಳಗಿನ ಸಲಾಕೆ ಎತ್ತಿ ಸೀಟನ್ನು ಮುಂದಕ್ಕೆ ತಂದಾಗ ಏನೋ ಅಳಿಸಿಹೋದಂತೆನಿಸಿ, ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಮುಂದಿನ ಕಾರಿಗೆ ಹೋಗಿಯಾಗಿತ್ತು.

ಮೊದಲ ಪಾಠ, ರಸ್ತೆಯ ಮೇಲೆ ಸಾಲಾಗಿ ಇಟ್ಟ, ಟ್ರಾಫಿಕ್ ಪೊಲೀಸರು ಇಡುವಂಥ ಕೆಂಪು ಪ್ಲಾಸ್ಟಿಕ್ ಟೋಪಿಗಳ ನಡುವೆ ಕಾರನ್ನು ಆ ಕಡೆ ಈ ಕಡೆ ತಿರುಗಿಸಿಕೊಂಡು ಹೋಗುವುದು. ಬೆಂಗಳೂರಿನವರು ಒಬ್ಬೊಬ್ಬರಾಗಿ ಹೋಗಿ ಬಂದರು, ಒಂದೆರಡು ಟೋಪಿ ಉರುಳಿಸಿ ನಗುತ್ತ ಇಳಿದರು. ಲತಾಮಣಿ ಎಲ್ಲವನ್ನೂ ಉರುಳಿಸಿದಳು. ಒಂದು ಟೋಪಿ ಕಾರಿನ ಅಡಿಗೆ ಸಿಕ್ಕಿ ಎಳೆದುಕೊಂಡು ಬಂತು. ಅದನ್ನು ತೆಗೆಯುವುದಕ್ಕೆ ಇಬ್ಬರು ಗಂಡಸರು ಮಂಡಿಯೂರಿ ಕೂತಾಗ ಅವಳು ಸೀಟಿನಲ್ಲೇ, ಇಳಿಯಬೇಕೋ ಬೇಡವೋ ತಿಳಿಯದೆ, ಸ್ಟೇರಿಂಗನ್ನು ಹಿಡಿದುಕೊಂಡು ಕೂತಿದ್ದಳು. ನೀವು ಟೋಪಿಯನ್ನೇ ನೋಡ್ತಿದೀರಿ ಮೇಡಂ ಎಂದ ನಟರಾಜ್. ಯಾವುದಕ್ಕೆ ಬಡಿಯಬಾರದು ಅಂತಿರುತ್ತೋ ಅದನ್ನ ನೋಡಬಾರದು, ಹೋಗಬೇಕಾದ ಜಾಗ ನೋಡಿ, ಕಣ್ಣು ಹೋದ ಕಡೆ ಕೈ ಹೋಗುತ್ತೆ, ಕೈ ಹೋದ ಕಡೆ ಕಾರು. ಅವನು ಎಲ್ಲರಿಗೂ ಹೇಳುವ ಮಾತು ಇದು; ಬೇರೆಯವರು ತಲೆಯಾಡಿಸಿ ಮುಂದಕ್ಕೆ ಹೋದರು. ಅವಳು ಮಾತ್ರ ಆ ಮಾತನ್ನು ಬಿಸಿಲಲ್ಲಿ ಹೊತ್ತುಕೊಂಡು ನಿಂತಳು. ಸಂತು ನೀರು ನೋಡುತ್ತಿದ್ದನೆ. ಏರಿಯ ಮೇಲೆ ಹೋಗುವಾಗ ಬೆಳಗಿನ ಹೊತ್ತು ಎಲ್ಲರೂ ನೀರನ್ನೇ ನೋಡುತ್ತಾರೆ, ಬಸ್ಸಿನಲ್ಲಿ ಕೂತ ಕೂಸು ಕೂಡ. ಅಥವಾ ನೋಡಬೇಕೆಂದೇ ನೋಡಿದನೆ.

ಈ ಎರಡನೆಯ ಯೋಚನೆ ಬಂದ ದಿನ ಅವಳಿಗೆ ನೆನಪಿದೆ. ಬಡಕಲು ಮೈಯ ಸಬ್‌ಇನ್ಸ್‌ಪೆಕ್ಟರ್ ಮನೆಗೆ ಬಂದು, ಕೊಟ್ಟ ಕಾಫಿ ಮುಟ್ಟದೆ, ಮೃದುವಾಗಿಯೇ ಹೇಳಿದ್ದ. ರೋಡಲ್ಲಿ ಬ್ರೇಕ್ ಹಾಕಿರೋ ಗುರುತೇ ಇಲ್ಲ ಮೇಡಂ, ಒಂದು ಗೆರೆನೂ ಇಲ್ಲ, ಸೀದಾ ಹೋಗ್ಬಿಟ್ಟಿದಾರೆ. ಆಮೇಲೆ, ಮನೇಲಿ ಏನಾದರೂ ಮಾತುಕತೆ ಆಗಿತ್ತಾ ಎಂದು ಕೇಳಿದ್ದ. ಏನೂ ಆಗಿರಲಿಲ್ಲ ಎಂದು ಲಕ್ಷ್ಮೀಶ ಹೇಳಿದ. ಅದು ಒಂದು ರೀತಿಯಲ್ಲಿ ನಿಜ, ಅವಳಿಗೂ ಮಗನಿಗೂ ಮಾತುಕತೆಯೇ ಆಗಿರಲಿಲ್ಲ. ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದ ಸಂತು ಎರಡನೆಯ ಸಲವೂ ಫೇಲಾಗಿ, ಇನ್ನು ಓದುವುದಿಲ್ಲ ಎಂದು ಹೇಳಿ ಮನೆಗೆ ಬಂದಿದ್ದ. ಲಕ್ಷ್ಮೀಶ ಕೂಗಾಡಿ, ಊಟದ ಹೊತ್ತಿಗೆ ಸರಿಹೋಗಿ, ಮಗನ ತಟ್ಟೆಗೆ ತಾನೇ ಮುದ್ದೆ ಹಾಕಿದ್ದ. ಲತಾಮಣಿ ಮಾತು ಬಿಟ್ಟಳು. ಅವಳ ಸಿಟ್ಟು ಹಾಗೆಯೇ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಅವಳ ಅಪ್ಪ ಹೊನ್ನಯ್ಯ ಹಳಿಯ ಪಕ್ಕ ಬುತ್ತಿ ಬಿಚ್ಚಿ ಕೂತು, ನಾಲ್ಕು ಹೆಣ್ಣುಮಕ್ಕಳನ್ನೂ ಓದಿಸಿದವನು. ಅವನ ಮೊಮ್ಮಗ ಇನ್ನು ಓದುವುದಿಲ್ಲ ಎಂದು ಟೀವಿಯ ಮುಂದೆ ಕಾಲು ಚಾಚಿ ಹೇಳಿದ್ದನ್ನು ಅವಳಿಗೆ ನುಂಗಲಾಗಲಿಲ್ಲ. ಮಗ ಅಡುಗೆಮನೆಗೆ ಬಂದರೆ ಅವಳು ಹಜಾರಕ್ಕೆ ಹೋದಳು. ಆ ಬೆಳಿಗ್ಗೆ, ಇನ್ನೂ ಮಬ್ಬು ಇರುವಾಗ, ಅವಳು ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಅವನು ಕೀ ಗೊಂಚಲು ಬೆರಳಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತು, ಅಮ್ಮಾ, ಬರ್ತೀಯಾ ಒಂದು ರೌಂಡು ಎಂದು ಕೇಳಿದ. ಅವಳು ಒಂದು ನೆಲ್ಲನ್ನು ಆರಿಸಿ ತೆಗೆದಳು, ಇನ್ನೊಂದನ್ನು ತೆಗೆದಳು. ಅವನು ಸ್ವಲ್ಪ ಹೊತ್ತು ನಿಂತಿದ್ದು ಹೋದ. ಅವನು ಎಷ್ಟು ಹೊತ್ತು ನಿಂತಿದ್ದ ಎಂಬುದನ್ನು ಅವಳು ಈ ಒಂದು ವರ್ಷದಲ್ಲಿ ಬೇರೆ ಬೇರೆ ರೀತಿ ಅಳೆದಿದ್ದಾಳೆ.

ಮಧ್ಯಾಹ್ನ ಬೇಲೂರಿನ ಹೋಟೆಲಿನಿಂದ ಊಟ ಬಂತು. ಗಂಡಸರು ತಟ್ಟೆ ಹಿಡಿದುಕೊಂಡು ಕಾರುಗಳ ಸುತ್ತ ನಿಂತರು. ಬೋಳುತಲೆಯ ಒಬ್ಬಾತ ಸೌಜನ್ಯದಿಂದ ಅವಳ ಹತ್ತಿರ ಬಂದು, ನಿಮ್ಮ ಕಾರು ಬಹಳ ಅಪರೂಪದ್ದು, ಯಾರಿಂದ ತಗೊಂಡಿರಿ, ಯಜಮಾನರು ಏನು ಮಾಡ್ತಾರೆ, ಯಾವ ಊರು, ಯಾವ ಕಡೆಯವರು ಎಂದು ಒಂದರ ಹಿಂದೊಂದು ಕೇಳಿದ. ಕೊನೆಯ ಪ್ರಶ್ನೆ ಜಾತಿ ಕೇಳುವ ಬಗೆಯೆಂದು ಅವಳಿಗೆ ಗೊತ್ತಿತ್ತು. ಗಂಡ ಜಲ್ಲಿ ಕ್ರಷರ್ ಇಟ್ಟಿದ್ದಾರೆ, ನಾವು ಬೌದ್ಧರು ಎಂದಳು. ಓ ಎಂದು ಅವನು ಬುದ್ಧನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ, ಮಜ್ಜಿಗೆ ತರುತ್ತೇನೆಂದು ಹೋದವನು ಬೇರೆ ಗುಂಪಿನಲ್ಲಿ ನಿಂತುಕೊಂಡ. ಈ ಕಾರು ಅವರ ಮನೆಗೆ ಯಾಕೆ ಬಂತೆಂದು ಇವನಿಗೆ ಹೇಗೆ ಹೇಳುವುದು. ಲಕ್ಷ್ಮೀಶನ ಅಪ್ಪ ಮರಿಯಣ್ಣನ ಬಳಿ ಒಂದು ಸೈಕಲ್ಲಿತ್ತು. ಊರಿನ ಮೇಲಿನ ಬೀದಿ ಬಂದರೆ ಇಳಿದು, ತಲೆಯ ವಸ್ತ್ರ ತೆಗೆದು, ಬೀದಿ ಮುಗಿಯುವವರೆಗೆ ತಳ್ಳಿಕೊಂಡು ಹೋಗಬೇಕಿತ್ತು. ಹಿಂದಿನ ಕ್ಯಾರಿಯರಿನಲ್ಲಿ ಕೂತಿರುತ್ತಿದ್ದ ಮಗನೂ ಇಳಿಯಬೇಕಿತ್ತು. ಈ ಕಾರು ತಂದ ದಿನ ಲಕ್ಷ್ಮೀಶ ಛಾವಣಿ ಮಡಚಿಸಿ, ಮುದುಕ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎತ್ತಿನಗಾಡಿಯ ವೇಗದಲ್ಲಿ ಆ ಬೀದಿಯ ಈ ತುದಿಯಿಂದ ಆ ತುದಿಗೆ ಹೋದ. ಜಗುಲಿಯ ಮೇಲಿದ್ದ ಯಾರೂ ಏನೂ ಅನ್ನಲಿಲ್ಲ. ಕಾಲ ಬದಲಾಗಿತ್ತು, ಕೆಲವರು ನಕ್ಕು ಕೈಯೆತ್ತಿದರು ಕೂಡ. ಮರಿಯಣ್ಣ ಮಾತ್ರ ಕೈಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಪಾದ ನೋಡಿಕೊಂಡಿದ್ದ. ಆಮೇಲೆ ಲಕ್ಷ್ಮೀಶ ಅದನ್ನು ಹೆಚ್ಚು ಓಡಿಸಲಿಲ್ಲ. ಅವನ ಕೆಲಸ ಮುಗಿದಿತ್ತು. ಸಂತು ಓಡಿಸಿದ. ಯಾರೂ ಅವನಿಗೆ ಹೇಗೆಂದು ಕಲಿಸಿಕೊಡಲಿಲ್ಲ.

ಶಾಲೆಯ ಜಾಹೀರಾತನ್ನು ಅವಳು ಪತ್ರಿಕೆಯಲ್ಲಿ ನೋಡಿ ಸೇರುತ್ತೇನೆಂದಾಗ ಲಕ್ಷ್ಮೀಶ, ಸಾಯಬೇಕು ಅಂತ ಐತಾ ನಿಂಗೆ ಎಂದಿದ್ದ. ಅವಳು ಇಲ್ಲ ಎನ್ನಲಿಲ್ಲ. ಗೊತ್ತಿರಲಿಲ್ಲ. ಈ ಕಾರು ಒಂದು ತಿರುವಿನಲ್ಲಿ, ಒಂದು ವೇಗದಲ್ಲಿ, ಉಳಿಯಲು ಮನಸ್ಸಿದ್ದವನನ್ನು ಉಳಿಸುತ್ತದೆಯೋ ಇಲ್ಲವೋ ಎಂದು ಮೈಯಿಂದ ತಿಳಿದುಕೊಳ್ಳಬೇಕಿತ್ತು. ಉಳಿಸುತ್ತದೆ ಎಂದು ತಿಳಿದರೆ ಮುಂದೆ ಏನು ಮಾಡಬೇಕೆಂದು ಅವಳು ಯೋಚಿಸಿರಲಿಲ್ಲ. ಯೋಚಿಸಿರಲಿಲ್ಲ ಎಂದು ತನಗೇ ಹೇಳಿಕೊಂಡಿದ್ದಳು. ಏರಿಯ ದಾರಿ ಈಗಲೂ ಅಲ್ಲೇ ಇದೆ, ಕಾರಿಗೂ ಗೊತ್ತಿರುವ ದಾರಿ.

ಊಟವಾದ ಮೇಲಿನ ಪಾಠ ಬ್ರೇಕಿನದು. ವೇಗವಾಗಿ ಬಂದು, ಎರಡು ಟೋಪಿಗಳ ನಡುವೆ ಮುಂದಿನ ಚಕ್ರ ಬಂದೊಡನೆ ಪೂರ್ತಿ ಬ್ರೇಕು ಹಾಕಿ ನಿಲ್ಲಿಸಬೇಕು. ನಟರಾಜ್ ಪಕ್ಕದ ಸೀಟಿನಲ್ಲಿ ಕೂತ. ಮೊದಲ ಸಲ ಅವಳು ಎಮ್ಮೆ ಅಡ್ಡ ಬಂದರೆ ನಿಲ್ಲಿಸುವ ಹಾಗೆ ನಿಲ್ಲಿಸಿದಳು. ಎರಡನೆಯ ಸಲವೂ ಹಾಗೇ ಆಯಿತು. ಒತ್ತೋದಲ್ಲ ಮೇಡಂ, ಒದೀಬೇಕು, ಪೆಡಲು ಮುರಿದುಹೋಗಬೇಕು ಅನ್ನೋ ಥರ ಎಂದ ಅವನು. ಹೆದರಿಕೆ ಇದ್ದವರು ಮೆತ್ತಗೆ ಒತ್ತುತ್ತಾರಂತೆ. ಪೂರ್ತಿ ಒತ್ತಿದರೆ ಪೆಡಲು ಕಾಲಿನಡಿ ಗಡಗಡ ನಡುಗುತ್ತದೆ, ಏನೋ ಮುರಿಯಿತೆಂದು ಗಾಬರಿಯಾಗಿ ಕಾಲು ತೆಗೆದುಬಿಡುತ್ತಾರೆ, ಅದೇ ತಪ್ಪು, ಏನಾದರೂ ಆಗಲಿ ತೆಗೆಯಬಾರದು. ಮೂರನೆಯ ಸಲ ಹೊರಟಾಗ ರಸ್ತೆಯ ಅಂಚಿನಲ್ಲಿ ನಿಂತಿದ್ದ ಗಂಡಸರು ಮಾತು ನಿಲ್ಲಿಸಿ ನೋಡುತ್ತಿದ್ದರು. ಅವರ ಸಹನೆ ನಗುವಿಗಿಂತ ಹೆಚ್ಚು ಚುಚ್ಚಿತು. ಅವಳು ಆಕ್ಸಿಲರೇಟರ್ ತುಳಿದಳು, ಗಾಳಿ ಕಿವಿಯಲ್ಲಿ ಕೂಗಿತು, ಟೋಪಿಗಳು ಬಂದವು, ಅವಳು ಒದ್ದಳು.

ಕಾರು ಮೂಗು ತಗ್ಗಿಸಿತು. ಬೆಲ್ಟು ಎದೆಯನ್ನು ಹಿಡಿದು ಸೀಟಿಗೆ ಕಟ್ಟಿತು, ಉಸಿರು ಹೊರಗೆ ಬಂತು, ಕಾಲಿನಡಿ ಪೆಡಲು ಜೀವವಿರುವುದರ ಹಾಗೆ ನಡುಗಿತು, ತೆಗೀಬೇಡಿ ತೆಗೀಬೇಡಿ ಎಂದು ನಟರಾಜನ ದನಿ ಎಲ್ಲೋ ಕೇಳಿಸಿತು, ಆಮೇಲೆ ಎಲ್ಲವೂ ನಿಂತಿತ್ತು. ಎಷ್ಟು ಬೇಗ ನಿಂತಿತೆಂದರೆ ಧೂಳು ಇನ್ನೂ ಹಿಂದಿನಿಂದ ಬಂದು ಅವರನ್ನು ದಾಟಿಹೋಗುತ್ತಿತ್ತು. ಅಂಚಿನಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು. ಅವಳು ಬೆಲ್ಟು ಬಿಚ್ಚಿ, ಕೆಳಗಿಳಿದು, ಬಂದ ದಾರಿಯಲ್ಲಿ ಹಿಂದಕ್ಕೆ ನಡೆದಳು. ರಸ್ತೆಯನ್ನೇ ನೋಡುತ್ತ ಟೋಪಿಗಳವರೆಗೂ ಹೋದಳು, ತಿರುಗಿ ಬಂದಳು, ಬಾಗಿ ಅಂಗೈಯಿಂದ ಡಾಂಬರನ್ನು ಸವರಿದಳು. ಬಿಸಿಯಾಗಿತ್ತು. ಏನಾದರೂ ಬಿದ್ದೋಯ್ತಾ ಮೇಡಂ ಎನ್ನುತ್ತ ನಟರಾಜ್ ಕುಂಟುತ್ತ ಬಂದ.

"ಗುರುತೆಲ್ಲಿ?" ಎಂದಳು.

"ಏನ್ ಗುರುತು?"

"ಬ್ರೇಕಿನ ಗುರುತು. ಕರೀ ಗೆರೆ ಬೀಳುತ್ತಲ್ಲ."

"ಈ ಕಾರಲ್ಲಿ ಹಂಗೆಲ್ಲ ಬೀಳಲ್ಲ ಮೇಡಂ. ಹಳೇ ಗಾಡೀಲಾದ್ರೆ ಚಕ್ರ ಕಚ್ಕೊಂಡು ನಿಂತ್ಬಿಡುತ್ತೆ, ಉಜ್ಜಿಕೊಂಡು ಹೋಗುತ್ತೆ, ಅದಕ್ಕೆ ಗೆರೆ. ಇದು ಕಚ್ಚೋಕೆ ಬಿಡಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಿಲ್ಲಿಸುತ್ತೆ. ಕಾಲಡಿ ನಡುಗ್ತಲ್ಲ, ಅದೇ."

ಅವಳು ಎದ್ದು ನಿಂತಳು. ತರಗತಿಯಲ್ಲಿ ದಡ್ಡ ಹುಡುಗನ ಬಾಯಿಂದ ಉತ್ತರ ತೆಗೆಯುವಾಗ ಕೇಳುವಂತೆ, ಒಂದೊಂದೇ ಪದ ಬಿಡಿಸಿ ಕೇಳಿದಳು. "ಹಾಗಾದ್ರೆ, ಗುರುತಿಲ್ಲ ಅಂದ್ರೆ, ಬ್ರೇಕ್ ಹಾಕಿಲ್ಲ ಅಂತ ಹೇಳೋಕಾಗಲ್ಲ."

"ಆಗಲ್ಲ." ನಟರಾಜ್ ಅವಳ ಮುಖ ನೋಡಿದ. ಆಮೇಲೆ ಕಾರನ್ನು, ಅದರ ಹೊಸ ಗಾಜನ್ನು, ಬಾಗಿಲ ಮೇಲಿನ ಬಣ್ಣ ಉಳಿದದ್ದಕ್ಕಿಂತ ಒಂದು ಛಾಯೆ ಗಾಢವಾಗಿದ್ದುದನ್ನು ನೋಡಿದ. ಅವನಿಗೆ ಏನೋ ಅರ್ಥವಾಯಿತೆಂದು ಕಾಣುತ್ತದೆ. ಮೆಲ್ಲಗೆ ಸೇರಿಸಿದ. "ಹಾಕಿದಾರೆ ಅಂತಾನೂ ಹೇಳೋಕಾಗಲ್ಲ ಮೇಡಂ."

ಅವಳು ಉಳಿದ ಪಾಠಕ್ಕೆ ಹೋಗಲಿಲ್ಲ. ರಸ್ತೆ ಮುಗಿಯುವ ಬಂಡೆಯ ಹತ್ತಿರ ಹೋಗಿ ಅದರ ನೆರಳಿನಲ್ಲಿ ಕೂತಳು. ಒಂದು ವರ್ಷದಿಂದ ಎದೆಯೊಳಗೆ ಮುಷ್ಟಿ ಕಟ್ಟಿಕೊಂಡಿದ್ದುದೊಂದು ಬಿಚ್ಚಿದಂತಾಗಿ, ಅದು ಸುಖವೋ ರೋಗವೋ ತಿಳಿಯಲಿಲ್ಲ. ಹಾಕಿರಬಹುದು. ಅವನ ಬಲಗಾಲು, ಬೆಳೆಯುವ ವಯಸ್ಸಿನಲ್ಲಿ ವರ್ಷಕ್ಕೆರಡು ಸಲ ಚಪ್ಪಲಿ ಸಾಲದೆ ಹೋಗುತ್ತಿದ್ದ ಆ ಉದ್ದನೆಯ ಪಾದ, ಶಕ್ತಿಯಿದ್ದಷ್ಟೂ ಒದ್ದಿರಬಹುದು. ಪೆಡಲು ನಡುಗಿದಾಗ ಗಾಬರಿಯಾಗಿ ತೆಗೆದಿರಬಹುದು. ತೆಗೀಬೇಡ ಎನ್ನಲು ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಅಲ್ಲಿಗೆ ಬಂದು ಅವಳ ಯೋಚನೆ ನಿಂತಿತು. ಅವನು ಕರೆದಿದ್ದ, ಸೀಟು ಖಾಲಿಯಿತ್ತು, ಅದು ಹಾಗೇ ಇದೆ, ಅದನ್ನು ಯಾವ ನಟರಾಜನೂ ಬದಲಿಸಲಾರ. ಆದರೆ ಬೇಕೆಂದೇ ಹೋಗಲಿಲ್ಲ ಎಂಬುದಕ್ಕೆ ಒಂದು ಸಂದು ಸಿಕ್ಕಿತ್ತು. ಅಷ್ಟು ಸಾಕು, ಅಷ್ಟರಲ್ಲಿ ತೂರಿಕೊಂಡು ಬದುಕುತ್ತೇನೆ ಎಂದುಕೊಂಡಳು. ಯಾರಿಗಾದರೂ ಹೇಳಬೇಕೆಂಬ ಆತುರ ಹಸಿವಿನ ಹಾಗೆ ಏರತೊಡಗಿತು.

ಬಿಸಿಲು ಇಳಿಯುವ ಹೊತ್ತಿಗೆ ಸುಷ್ಮಿತಾ ಬಂದು, ಬೇಲಿಯ ಹತ್ತಿರ ನಿಮ್ಮನ್ನ ಯಾರೋ ಕೇಳ್ತಿದಾರೆ ಎಂದಳು. ಲಕ್ಷ್ಮೀಶ ಬಂದಿದ್ದ. ಬರುವುದಿಲ್ಲ ಎಂದಿದ್ದವನು ಕ್ರಷರಿನ ಜೀಪು ಹಾಕಿಕೊಂಡು ಬಂದು, ದನಗಳ ನಡುವೆ ನಿಂತಿದ್ದ. ಬಟ್ಟೆಯ ಮೇಲೆಲ್ಲ ಕಲ್ಲಿನ ಪುಡಿ ಇತ್ತು. ಯಾವಾಗ ಬಂದಿರಿ ಎಂದರೆ ಆಗಲೇ ಎಂದ. ಅವಳು ಹತ್ತಿರ ಹೋಗುವ ಮೊದಲೇ ಮಾತು ಶುರುಮಾಡಿದ್ದಳು. ಪೆಡಲು ನಡುಗುವುದು, ಚಕ್ರ ಕಚ್ಚದಿರುವುದು, ಗೆರೆ ಬೀಳದಿರುವುದು, ತಾನು ರಸ್ತೆ ಸವರಿ ನೋಡಿದ್ದು, ಎಲ್ಲವನ್ನೂ ಒಂದರ ಮೇಲೊಂದು ಹೇಳಿದಳು. ಆ ಸಬ್‌ಇನ್ಸ್‌ಪೆಕ್ಟರಿಗೆ ಏನೂ ತಿಳಿಯದು, ಅವನು ಹಳೆಯ ಜೀಪುಗಳನ್ನು ನೋಡಿದವನು ಎಂದಳು. ಸಂತು ಬ್ರೇಕ್ ಹಾಕಿರಬಹುದು ಕಣ್ರೀ ಎಂದಳು. ಹೇಳುತ್ತ ಹೇಳುತ್ತ ಅವಳ ಮುಖದಲ್ಲಿ ನಗುವಿನಂಥದು ಬಂದಿತ್ತು. ಗಂಡನ ಮುಖದಲ್ಲಿ ಅದು ಯಾಕೆ ಬರುತ್ತಿಲ್ಲವೆಂದು ನೋಡಿ ಅವಳು ನಿಲ್ಲಿಸಿದಳು.

ಲಕ್ಷ್ಮೀಶ ಬೇಲಿಯ ಕಲ್ಲುಕಂಬ ಹಿಡಿದುಕೊಂಡಿದ್ದ. "ಹಂಗಾದ್ರೆ ಎಚ್ಚರವಾಗಿದ್ದ ಅನ್ನು," ಎಂದ.

ಅವಳಿಗೆ ತಿಳಿಯಲಿಲ್ಲ.

"ನೀರು ಕಂಡೈತೆ ಅವನಿಗೆ," ಎಂದ.

ಮನೆಗೆ ಬಂದವರಿಗೆಲ್ಲ ಅವನು ಹೇಳುತ್ತಿದ್ದ ಮಾತೊಂದಿತ್ತು. ತಿಥಿಯ ಬದಲು ಮಾಡಿದ ಬುದ್ಧವಂದನೆಯ ದಿನ ಬಂದ ನೆಂಟರಿಗೂ, ಆಮೇಲೆ ಬಾಗಿಲಿಗೆ ಬಂದ ಯಾರಿಗೂ, ನನ್ನ ಮಗ ನಿದ್ದೆಗೆಟ್ಟಿದ್ದ, ಓಡಿಸ್ತಾ ಕಣ್ಣು ಹತ್ತಿಬಿಟ್ಟೈತೆ, ಏನೂ ಗೊತ್ತಾಗಿಲ್ಲ, ಬ್ರೇಕೇ ಹಾಕಿಲ್ವಲ್ಲ ಎನ್ನುತ್ತಿದ್ದ. ಜನರ ಬಾಯಿ ಮುಚ್ಚಿಸಲು ಹಾಗೆ ಹೇಳುತ್ತಾನೆ, ಒಳಗೆ ಅವನಿಗೂ ತನ್ನ ಹಾಗೇ ಅನ್ನಿಸುತ್ತಿದೆ ಎಂದು ಲತಾಮಣಿ ತಿಳಿದಿದ್ದಳು. ಅದಕ್ಕಾಗಿ ಅವನ ಮೇಲೆ ಕೃತಜ್ಞತೆಯೂ ಸ್ವಲ್ಪ ತಿರಸ್ಕಾರವೂ ಇತ್ತು. ಈಗ ಕಂಬ ಹಿಡಿದ ಅವನ ಕೈ ನೋಡಿದಾಗ, ಅವನು ಅದನ್ನು ನಂಬಿದ್ದನೆಂದು ಗೊತ್ತಾಯಿತು. ಇಲ್ಲದ ಆ ಒಂದು ಗೆರೆಯನ್ನು ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಒಂದು ವರ್ಷ ಬೇರೆ ಬೇರೆಯಾಗಿ ಓದಿಕೊಂಡಿದ್ದರು.

"ಗೊತ್ತಿಲ್ಲ ಕಣ್ರೀ. ಹಾಕಿರಬಹುದು ಅಂತ ಅಷ್ಟೆ. ಹಾಕಿಲ್ಲದೇನೂ ಇರಬಹುದು, ಮೇಷ್ಟ್ರೇ ಹೇಳಿದ್ರು," ಎಂದಳು. ಕೊಟ್ಟದ್ದನ್ನು ವಾಪಸ್ಸು ತೆಗೆದುಕೊಳ್ಳುವವಳಂತೆ.

"ನಿದ್ದೇಲಿ ಹೋದ ಅಂತಿದ್ದೆ ನಾನು. ಆ ಒಂದು ಮಾತು ಹಿಡ್ಕೊಂಡು ಬೆಳಗ್ಗೆ ಎದ್ದು ಮುಖ ತೊಳೀತಿದ್ದೆ."

ಹಸುವೊಂದು ಅವರಿಬ್ಬರ ನಡುವೆ ತಲೆ ಹಾಕಿ ಬೇಲಿಯ ಹುಲ್ಲು ಎಳೆಯಿತು. ಅವಳು ಅದನ್ನು ತಳ್ಳಲಿಲ್ಲ. "ನಾನು ಬೇರೆ ಅಂದ್ಕೊಂಡಿದ್ದೆ," ಎಂದಳು. "ಬೇಕಂತಲೇ ಹೋದ ಅಂತ."

ಅವನು ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಬಂದದ್ದು ಬರಿಯ ಆಶ್ಚರ್ಯ. "ಯಾರು, ನಮ್ ಸಂತೂನಾ? ಯಾತಕ್ಕೆ?"

"ಎರಡು ದಿನ ಮಾತು ಬಿಟ್ಟಿದ್ದೆನಲ್ಲ. ಕರೆದಾಗ ಹೋಗಲಿಲ್ಲ."

"ಸಿಟ್ಟು ಬಂದಾಗ ನೀನು ಯಾವತ್ತು ಮಾತಾಡಿದ್ದೆ ಹೇಳು. ಹುಟ್ಟಿದಾಗಿಂದ ನೋಡಿಲ್ವಾ ಅವ್ನು? ಅಮ್ಮನ ಸಿಟ್ಟು ಇವತ್ತು ಸಂಜೆಗೆ ಇಳೀತೈತೆ ಕಣಪ್ಪ, ತಾಳು ಅಂತ ಅವ್ನೇ ನಂಗೆ ಹೇಳ್ದ, ಹಿಂದಿನ ದಿನ, ತ್ವಾಟದಲ್ಲಿ."

ಇದನ್ನು ಅವನು ಯಾವಾಗ ಬೇಕಾದರೂ ಹೇಳಬಹುದಿತ್ತು. ಅವಳು ಕೇಳಿರಲಿಲ್ಲ. ಇಷ್ಟೇ ಇತ್ತು, ಅಡುಗೆಮನೆಯ ಬಾಗಿಲಿನಿಂದ ಹಿತ್ತಿಲಿಗೆ ಕೂಗಿ ಕೇಳಬಹುದಾದಷ್ಟು ಹತ್ತಿರ ಇತ್ತು. ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಗಂಡ ಅತ್ತ ರಸ್ತೆಯ ಕಡೆ, ತನ್ನ ಮಗನ ಕಾರಿನ ಕಡೆ ನೋಡುತ್ತಿದ್ದುದರಿಂದ ಅಳುವುದಕ್ಕೂ ಧೈರ್ಯ ಸಾಲಲಿಲ್ಲ. ತನಗೆ ಸಿಕ್ಕ ಬಿಡುಗಡೆ ಅವನ ಕೈಯಿಂದ ಕಿತ್ತುಕೊಂಡದ್ದು ಎಂಬ ಹಾಗೆ ನಿಂತಿದ್ದಳು.

ಬೆಂಗಳೂರಿನವರ ಕಾರುಗಳು ಒಂದೊಂದಾಗಿ ಬೇಲೂರಿನ ಕಡೆ ಹೊರಟವು. ನಟರಾಜ್ ಟೋಪಿಗಳನ್ನು ಒಂದರೊಳಗೊಂದು ಸೇರಿಸಿ ವ್ಯಾನಿಗೆ ಹಾಕಿಸುತ್ತಿದ್ದ.

"ಹೆಂಗಿರ್ತೈತೆ ಅದು? ಬ್ರೇಕ್ ಹಾಕ್ದಾಗ," ಎಂದ ಲಕ್ಷ್ಮೀಶ.

ಅವಳು ಹೇಳಲು ನೋಡಿದಳು. ಬೆಲ್ಟು, ಉಸಿರು, ಕಾಲಿನಡಿಯ ನಡುಕ. ಬಂದು ಕೂತ್ಕೊಳ್ಳಿ ಎಂದಳು. ಅವನು ಬರುವುದಿಲ್ಲ ಎಂದೇ ಅವಳು ತಿಳಿದದ್ದು. ಅವನು ಬೇಲಿಯ ಸಂದಿನಿಂದ ಬಗ್ಗಿ ಬಂದ. ಕಾರಿನ ಬಾಗಿಲ ಬಳಿ ಒಂದು ಕ್ಷಣ ನಿಂತು, ಬಟ್ಟೆಯ ಮೇಲಿನ ಕಲ್ಲಿನ ಪುಡಿಯನ್ನು ಕೊಡವಿಕೊಂಡು ಒಳಗೆ ಕೂತ. ಬೆಲ್ಟು ಹಾಕಿಕೊಳ್ಳುವುದಕ್ಕೆ ಅವಳೇ ಸಹಾಯ ಮಾಡಬೇಕಾಯಿತು. ನಟರಾಜ್ ಅವರನ್ನು ನೋಡಿದ, ಕೈಯೆತ್ತಿ ತಡೆಯಲು ಹೊರಟವನು ಏನು ತೋಚಿತೋ, ವ್ಯಾನಿನ ಕಡೆ ತಿರುಗಿದ.

ಬಂಡೆಯ ಕಡೆಯಿಂದ ತಿರುಗಿಸಿಕೊಂಡು ಅವಳು ವೇಗ ಏರಿಸಿದಳು. ಲಕ್ಷ್ಮೀಶ ಎರಡೂ ಕೈಯಿಂದ ಸೀಟಿನ ಅಂಚು ಹಿಡಿದಿದ್ದ, ಕಣ್ಣು ಮುಚ್ಚಿರಲಿಲ್ಲ. ಖಾಲಿ ರಸ್ತೆಯ ನಡುವೆ ಅವಳು ಒದ್ದಳು. ಅವನ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು, ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು, ಮಗುವಿನದರ ಹಾಗೆ. ಕಾರು ನಿಂತಿತು. ಎಂಜಿನ್ನು ಗುನುಗುತ್ತಿತ್ತು. ಅವನು ಹಿಂತಿರುಗಿ ಬಂದ ರಸ್ತೆಯನ್ನು ನೋಡಿದ. ಆಮೇಲೆ ಇನ್ನೊಂದ್ಸಲ ಎಂದ. ಅವಳು ಹಿಂದಕ್ಕೆ ಹೋಗಿ ಮತ್ತೆ ಬಂದು ಒದ್ದಳು. ಅವನು ಮತ್ತೆ ಇನ್ನೊಂದ್ಸಲ ಎಂದ. ಅವನ ತುಟಿ ಅಲುಗುತ್ತಿದ್ದುದನ್ನು ಅವಳು ಆಗ ಗಮನಿಸಿದಳು. ಬ್ರೇಕು ಹಿಡಿದಲ್ಲಿಂದ ನಿಲ್ಲುವವರೆಗೆ ಅವನು ಒಳಗೇ ಎಣಿಸುತ್ತಿದ್ದ.

"ಇಷ್ಟೇ ಹೊತ್ತಲ್ವಾ?" ಎಂದು ಕೇಳಿದ. "ಅವನು ಹೆದರಿದ್ರೂ, ಇಷ್ಟೇ ಹೊತ್ತಲ್ವಾ?"

"ಇಷ್ಟೇ," ಎಂದಳು ಲತಾಮಣಿ.

ಅವನು ತಲೆಯಾಡಿಸಿದ. ಬೆಲ್ಟನ್ನು ಎದೆಯ ಮೇಲೆ ಸರಿಮಾಡಿಕೊಂಡು, ಇನ್ನೊಂದ್ಸಲ ಎಂದ. ಅವಳು ಕಾರನ್ನು ತಿರುಗಿಸಿದಳು.